ಪ್ರಸಂಗದ ಪದ್ಯವೂ ಕಳೆದುಹೋದ ಮಟ್ಟೂ

ಯಕ್ಷಗಾನ ಪ್ರಸಂಗದ ಪ್ರತಿಗಳಲ್ಲಿ ಪದ್ಯದ ತಲೆಯಲ್ಲಿ ರಾಗತಾಳಗಳ ಹೆಸರಿರುತ್ತದೆ; ಸ್ವರಲಿಪಿಯಿರುವುದಿಲ್ಲ. ಅಜಪುರದ, ಎಂದರೆ ಬ್ರಹ್ಮಾವರದ, ವಿಷ್ಣುಕವಿಯ 'ವಿರಾಟಪರ್ವ'ದ ಓಲೆಪ್ರತಿ ಕ್ರಿ. ಶ. 1564ರದೆಂದು ಪರಿಗಣಿತವಾಗಿದೆ. ಆ ಪದ್ಯಗಳನ್ನು ನಾವು ಓದಬಲ್ಲೆವು. ಅಂದು ಅವನ್ನು ಹಾಡಿದ ಮಟ್ಟನ್ನು ಓಲೆ ಹೇಳದು. ಮದ್ದಲೆಗಾರನ ಪಾಲಂತೂ ಅದರಲ್ಲಿ ಬರೆಹಕ್ಕೆ ಬಂದುದೇ ಅಲ್ಲ.

ಅರೆ ಉಳಿದ ಸಂಗೀತದ ಈ ತೊಡಕು ಪಶ್ಚಿಮದ ವಿದ್ವಾಂಸರಿಗೂ ಪರಿಚಿತವೇ. ಲ್ಯೂಟ್ ಎಂಬ ತಂತಿವಾದ್ಯದ ಜೋಡಿಗಾಗಿ ರಚಿತವಾದ ಹಳೆಯ ಇಂಗ್ಲಿಷ್ ಯುಗಳಗಳಲ್ಲಿ ಕೆಲವಕ್ಕೆ ಒಬ್ಬ ವಾದಕನ ಪಾಲು ಮಾತ್ರ ದೊರೆತಿದೆ. ಇವುಗಳಲ್ಲೊಂದು ಬಗೆಯಲ್ಲಿ ಒಬ್ಬನು ಕಿರಿದಾದ ಆಧಾರಪಂಕ್ತಿಯನ್ನು ಮರಳಿ ಮರಳಿ ನುಡಿಸುತ್ತಾನೆ. ಮತ್ತೊಬ್ಬನು ಅದರ ಮೇಲೆ ವಿಸ್ತಾರವನ್ನು ಹೆಣೆಯುತ್ತಾನೆ. ಆಧಾರವು ಕಳೆದಿದ್ದರೆ ವಿಸ್ತಾರದಿಂದ ಅದನ್ನು ಬಹುಮಟ್ಟಿಗೆ ಊಹಿಸಬಹುದು. ವಿಸ್ತಾರವೇ ಕಳೆದಿದ್ದರೆ ಸಂಪಾದಕನು ರಚನಕಾರನಾಗದೆ ಗತ್ಯಂತರವಿಲ್ಲ.

ಈ ಭೇದವನ್ನು ಮುಂದಿಟ್ಟುಕೊಂಡು ಕೋಟ ಶಿವರಾಮ ಕಾರಂತರ ಕಾರ್ಯವನ್ನು ಪರಿಶೀಲಿಸುವುದು ಉಚಿತ. 1959ರ ಸಾಹಿತ್ಯ ಅಕಾಡೆಮಿ ಪುರಸ್ಕಾರಕ್ಕೆ ಪಾತ್ರವಾದ 'ಯಕ್ಷಗಾನ ಬಯಲಾಟ'ದ ಕರ್ತೃವು ರಾಗನಾಮಗಳನ್ನು ಕಲೆಹಾಕುವುದರಲ್ಲಿಯೇ ತೃಪ್ತರಾಗದೆ ಹಿರಿಯ ಭಾಗವತರ ಬಾಯಿಂದ ಮಟ್ಟುಗಳನ್ನು ಕೇಳಿದರು. ಗೋಪನೀತೆ, ಮೆಚ್ಚಾಳಿಗಳಂತಹ ಹೆಸರುಗಳು ಯಕ್ಷಗಾನಕ್ಕೇ ವಿಶಿಷ್ಟವಾದುವು. ಸಾವೇರಿಯಂತಹ ಪರಿಚಿತ ಹೆಸರಿದ್ದಲ್ಲಿಯೂ ಕಛೇರಿಯ ರಾಗವನ್ನು ತಂದು ಪದ್ಯಕ್ಕೆ ತೊಡಿಸಿದರೆ ಯಕ್ಷಗಾನವಾಗದೆಂಬ ಅವರ ನಿಲುವು ನಮಗೆ ಸರ್ವಥಾ ಸಮ್ಮತ.

ಆದರೆ ಶೋಧದ ಫಲವೆಲ್ಲವೂ ಒಂದೇ ತೂಕದ್ದಲ್ಲ. ತಾಳದ ಹೆಸರೂ ಪದ್ಯದ ಮಾತ್ರಾಗಣಗಳೂ ಉಳಿದಿರುವುದರಿಂದ ಮದ್ದಲೆಯ ನಡೆಯ ಎಲುಬುಗೂಡನ್ನಾದರೂ ಮರಳಿ ಕಟ್ಟಬಹುದು. ಅಷ್ಟತಾಳದ ಪದ್ಯವು ಝಂಪೆಯಲ್ಲಿ ನಿಲ್ಲದು. ರಾಗದ ಹೆಸರಿಗೆ ಇಂತಹ ಬಲವಿಲ್ಲ. ಭಾಗವತನೊಬ್ಬನ ನೆನಪು ಅವನ ಗುರುವಿನ ತಲೆಮಾರಿಗೆ ಸಾಕ್ಷಿಯಾದೀತು, 1564ಕ್ಕಲ್ಲ. ಮುಂದೆ ಕಾರಂತರು ತಮ್ಮ ರಂಗಪ್ರಯೋಗಗಳಲ್ಲಿ ಪಿಟೀಲನ್ನೂ ಸ್ಯಾಕ್ಸೊಫೋನನ್ನೂ ಸೇರಿಸಿದರು. ಅದು ಕಳೆದುದರ ಪೂರಣವಲ್ಲ, ನೂತನ ರಚನೆ. ಕಲಾವಿದನಿಗೆ ಆ ಸ್ವಾತಂತ್ರ್ಯವುಂಟು. ಆದರೆ ಹಳೆಯ ಮಟ್ಟೆಲ್ಲಿ ಮುಗಿಯಿತು, ಕಾರಂತರ ಕಲ್ಪನೆಯೆಲ್ಲಿ ತೊಡಗಿತು ಎಂಬುದು ಪ್ರೇಕ್ಷಕನ ಕಿವಿಗೆ ತಿಳಿಯುವಂತಿಲ್ಲ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಈ ಗೆರೆಯೇ ಮುಖ್ಯ.

1990ರಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರು ಬಡಗಿನ ಹಾಡುಗಾರಿಕೆಗೆ ಹೊಸ ರಾಗಗಳ ರುಚಿ ಹತ್ತಿಸಿದ ಬಳಿಕ ಇದು ಇನ್ನಷ್ಟು ಮಸುಕಾಗಿದೆ. (ಆ ಕಂಠಕ್ಕೆ ಮನಸೋತವರಲ್ಲಿ ನಾವೂ ಸೇರಿದ್ದೇವೆ.)

ಹೋಲಿಕೆಗೆ ಒದಗುವ ಒಂದು ಸಾಕ್ಷ್ಯವು ಕುಂದಾಪುರ, ಬೈಂದೂರುಗಳ ಕಡೆಯಲ್ಲಿಯೇ ಇದೆ. ನವರಾತ್ರಿಯಲ್ಲಿ ಮನೆಮನೆಗೆ ಬರುವ ಹೂವಿನಕೋಲಿನಲ್ಲಿ ಚಂಡೆಯಿಲ್ಲ; ಬಾಲಕರ ಮಾತುಗಳ ನಡುವೆ ಭಾಗವತನು ಮದ್ದಲೆಯೊಂದರ ಜೊತೆಯಲ್ಲಿ ಪ್ರಸಂಗದ ಪದ್ಯಗಳನ್ನು ಹಾಡುತ್ತಾನೆ. ಅಲ್ಲಿ ಕೇಳಿಬರುವ ಮಟ್ಟನ್ನೂ ಮಾರಣಕಟ್ಟೆ, ಮಂದಾರ್ತಿ ಮೇಳಗಳ ಹಿರಿಯರು ಅದೇ ಪದ್ಯಕ್ಕೆ ಹಾಡುವ ಮಟ್ಟನ್ನೂ ಧ್ವನಿಮುದ್ರಿಸಿ, ಊರು, ಗುರು, ವರ್ಷಗಳೊಡನೆ ಎದುರುಬದುರಾಗಿ ಇರಿಸಬೇಕು. ಎರಡೂ ಕೂಡಿದಲ್ಲಿ ಮಟ್ಟನ್ನು ಹಳೆಯದೆಂದು ಕರೆಯಲು ಆಧಾರವುಂಟು. ಕೂಡದಲ್ಲಿ ಸಂಪಾದಕನು ತನ್ನ ಪೂರಣವನ್ನು ಕಂಸದೊಳಗಿರಿಸಲಿ.