ಸಂತೋಷಪಡಿರೆಂದು ಅಪ್ಪಣೆ ಕೊಡಬಹುದೆ?

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ಮೊಳೆ ಇದೆ. ಪ್ರತಿ ವರ್ಷ ಅದಕ್ಕೆ ಸತ್ಯವೇದದ ವಚನಗಳ ಕ್ಯಾಲೆಂಡರ್ ತೂಗುಹಾಕುವುದು ನಮ್ಮ ಅತ್ತೆಯವರ ಕಾಲದಿಂದ ಬಂದ ರೂಢಿ. ದಿನಕ್ಕೊಂದು ಹಾಳೆ, ಹಾಳೆಗೊಂದು ವಚನ. ಬೆಳಿಗ್ಗೆ ಹಾಲು ಕಾಯಲು ಇಟ್ಟು, ಹಾಳೆ ಹರಿದು, ಓದಿ, ಹಾಲು ಉಕ್ಕುವುದರೊಳಗೆ ಒಲೆ ಆರಿಸಬೇಕು. ಅಷ್ಟೇ ಸಮಯ. ಈಗ ಅದೇ ವಚನಗಳು ಗುಲಾಬಿ ಹೂವಿನ ಚಿತ್ರದ ಮೇಲೆ ಕುಳಿತು ಮೊಬೈಲಿಗೂ ಬರುತ್ತವೆ. ದಿನ ದೂಡಲು ಒಂದು ಸಾಲಿನ ಧೈರ್ಯ ಬೇಕೆನ್ನುವುದರಲ್ಲಿ ತಪ್ಪೇನಿಲ್ಲ. ನಾನೂ ಹಾಗೆ ಎಷ್ಟೋ ವರ್ಷ ದಿನ ದೂಡಿದವಳೇ.

2014ರಲ್ಲಿ ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು. ಹದಿನಾಲ್ಕು ತಿಂಗಳು ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಬೆಳಿಗ್ಗೆ ಅವರ ಮೈ ಒರೆಸಿ, ಗಂಜಿ ಕುಡಿಸಿ, ಶಾಲೆಗೆ ಓಡಿ, ಮಧ್ಯಾಹ್ನದ ಬಿಡುವಿನಲ್ಲಿ ಮತ್ತೆ ಮನೆಗೆ ಓಡಿಬರುತ್ತಿದ್ದೆ. ಆ ದಿನಗಳಲ್ಲಿ ನಮ್ಮ ಸಭೆಯ ಹಿರಿಯಕ್ಕ ಒಬ್ಬರು ನೋಡಲು ಬಂದರು. ನಾನು ಅತ್ತಾಗ ನನ್ನ ಕೈ ಹಿಡಿದು, ಯಾವಾಗಲೂ ಸಂತೋಷವಾಗಿರಬೇಕೆಂದು ಪೌಲನೇ ಹೇಳಿದ್ದಾನೆ, ಅಳುವುದು ನಂಬಿಕೆ ಕಡಿಮೆಯಾದ ಗುರುತು ಎಂದರು. ಅವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಅವರು ಗೇಟು ದಾಟುತ್ತಲೇ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅರ್ಧ ಅವರ ಮೇಲೆ, ಅರ್ಧ ಪೌಲನ ಮೇಲೆ. ನಿಲ್ಲು ಎಂದರೆ ಮಕ್ಕಳು ನಿಲ್ಲುತ್ತಾರೆ, ಬರೆ ಎಂದರೆ ಬರೆಯುತ್ತಾರೆ. ಸಂತೋಷಪಡು ಎಂದರೆ ಯಾರಾದರೂ ಸಂತೋಷಪಡಲು ಆಗುತ್ತದೆಯೆ?

ಆ ರಾತ್ರಿ ಯಜಮಾನರು ಮಲಗಿದ ಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು ತೆಗೆದೆ. ಮೇಷ್ಟರ ಬುದ್ಧಿ ನೋಡಿ, ಕೈಯಲ್ಲಿ ಪೆನ್ಸಿಲ್ ಹಿಡಿದೇ ಕುಳಿತೆ. ತಪ್ಪು ಹುಡುಕಲೆಂದೇ ಎಂದರೂ ಸರಿ. ಹುಟ್ಟಿದಾಗಿನಿಂದ ಕೇಳಿದ್ದ ಪುಸ್ತಕ. ಆದರೆ ಮೊದಲಿನಿಂದ ಕಡೆಯವರೆಗೆ ಒಂದೇ ಉಸಿರಿಗೆ, ಕಾಗದ ಓದುವ ಹಾಗೆ, ಅಂದಿನವರೆಗೆ ಓದಿರಲೇ ಇಲ್ಲ. ಇರುವುದು ನಾಲ್ಕೇ ಅಧ್ಯಾಯ, 104 ವಚನ. ಅರ್ಧ ಗಂಟೆಯ ಓದು.

ಇದು ನಿಜಕ್ಕೂ ಒಂದು ಕಾಗದ. ಬರೆದವನು ಸೆರೆಯಲ್ಲಿದ್ದಾನೆ. ರೋಮಿನ ಸೆರೆಯಿಂದ ಬರೆದದ್ದೆಂಬುದು ಬಹುಕಾಲದ ನಂಬಿಕೆ. ಎಫೆಸದಿಂದ ಎನ್ನುವ ವಿದ್ವಾಂಸರೂ ಇದ್ದಾರೆ. ಊರು ಯಾವುದಾದರೇನು, ಬೇಡಿ ಬೇಡಿಯೇ. ಓದಿದವರು ಫಿಲಿಪ್ಪಿ ಎಂಬ ಊರಿನವರು. ಇಂದಿನ ಗ್ರೀಸ್ ದೇಶದ ಉತ್ತರ ಭಾಗದಲ್ಲಿ ಆ ಊರಿನ ಅವಶೇಷಗಳಿವೆ. 2016ರಲ್ಲಿ ಅದನ್ನು ವಿಶ್ವ ಪರಂಪರೆಯ ತಾಣವೆಂದು ಯುನೆಸ್ಕೊ ಗುರುತಿಸಿತು. ಅಲ್ಲಿಯ ಸಭೆ ಆರಂಭವಾದದ್ದು ಹೆಂಗಸರಿಂದ ಎಂಬುದನ್ನು ನಾವು ಎಷ್ಟು ಜನ ನೆನಪಿಟ್ಟಿದ್ದೇವೆ? ಅಪೊಸ್ತಲರ ಕೃತ್ಯಗಳ 16ನೆಯ ಅಧ್ಯಾಯ ನೋಡಿ. ಊರ ಬಾಗಿಲಾಚೆ ಹೊಳೆಯ ದಡದಲ್ಲಿ ಪ್ರಾರ್ಥನೆಗೆ ಸೇರಿದ್ದವರು ಹೆಂಗಸರು. ಅವರಲ್ಲಿ ಲುದ್ಯ ಎಂಬವಳು ನೇರಳೆ ಬಣ್ಣದ ಬೆಲೆಬಾಳುವ ಬಟ್ಟೆಯ ವ್ಯಾಪಾರ ಮಾಡುವವಳು. ಬಂದವರಿಗೆ ತನ್ನ ಮನೆಯಲ್ಲೇ ಇಳಿದುಕೊಳ್ಳಲು ಜಾಗ ಕೊಟ್ಟವಳು. ಅದೇ ಊರಿನಲ್ಲಿ ಪೌಲನೂ ಸೀಲನೂ ಏಟು ತಿಂದು, ಕಾಲಿಗೆ ಕೊಳ ಹಾಕಿಸಿಕೊಂಡು, ನಡುರಾತ್ರಿಯಲ್ಲಿ ಹಾಡಿದ್ದರು. ಕೆಲವು ವರ್ಷಗಳ ನಂತರ ಈ ಕಾಗದವನ್ನು ಸಭೆಯಲ್ಲಿ ಓದಿದಾಗ ಆ ಸೆರೆಮನೆಯ ಕಾವಲುಗಾರನ ಮನೆಯವರೂ ಕುಳಿತು ಕೇಳಿರಬಹುದು. ಸೆರೆ ಎಂದರೆ ಏನೆಂದು ತಿಳಿಯದವರಿಗೆ ಬರೆದ ಮಾತಲ್ಲ ಇದು.

ಸಂತೋಷ ಎಂಬ ಅರ್ಥದ ಮಾತು ಮೂಲ ಗ್ರೀಕಿನಲ್ಲಿ 16 ಸಲ ಬರುತ್ತದೆಯಂತೆ. ಉಪದೇಶಗಳಲ್ಲಿ ಇದನ್ನು ಕೇಳಿದ್ದೆ. ಯಾರೂ ಹೇಳದೆ ಇದ್ದದ್ದು ಇನ್ನೊಂದಿತ್ತು, ಅದಕ್ಕೆ ನನ್ನ ಪೆನ್ಸಿಲ್ ಗೆರೆ ಎಳೆಯುತ್ತ ಹೋಯಿತು. ಮೊದಲ ಅಧ್ಯಾಯದಲ್ಲಿ ಅವನಿಗೆ ಬದುಕುವುದು ಬೇಕೋ ಸಾಯುವುದು ಬೇಕೋ ಎಂಬುದೇ ತೀರ್ಮಾನವಾಗುವುದಿಲ್ಲ. ತನ್ನ ಸಂಕಟಕ್ಕೆ ಇನ್ನಷ್ಟು ಸೇರಿಸಬೇಕೆಂದು ಹೊಟ್ಟೆಕಿಚ್ಚಿನಿಂದ ಬೋಧಿಸುವವರೂ ಇದ್ದಾರೆ ಎನ್ನುತ್ತಾನೆ. ಎರಡನೆಯ ಅಧ್ಯಾಯದಲ್ಲಿ ಗೆಳೆಯ ಎಪಫ್ರೊದೀತ ಕಾಯಿಲೆಯಿಂದ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಾನೆ. ಅವನೂ ಹೋಗಿದ್ದರೆ ದುಃಖದ ಮೇಲೆ ದುಃಖವಾಗುತ್ತಿತ್ತೆಂದು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅವನನ್ನು ಊರಿಗೆ ಕಳಿಸಿದರೆ ತನ್ನ ಚಿಂತೆ ಕಡಿಮೆಯಾದೀತು ಎಂದೂ ಹೇಳುತ್ತಾನೆ. ಮೂರನೆಯ ಅಧ್ಯಾಯದಲ್ಲಿ ಅಳುತ್ತ ಬರೆಯುತ್ತಿದ್ದೇನೆ ಎನ್ನುತ್ತಾನೆ. ಇಷ್ಟಾದ ಮೇಲೆ, ನಾಲ್ಕನೆಯದರಲ್ಲಿ, ಸಂತೋಷದ ಆ ಮಾತು ಬರುತ್ತದೆ. ಅಳಬಾರದು ಎಂದು ನನಗೆ ಹೇಳಿದ ಹಿರಿಯಕ್ಕ ಪೌಲನ ಹೆಸರು ಹೇಳಿದ್ದರು. ಅವನೇ ಅತ್ತಿದ್ದ.

ಹಾಗಾದರೆ ಆ ಮಾತು ಅಪ್ಪಣೆ ಹೌದೆ? ವ್ಯಾಕರಣ ಕಲಿಸುವವಳಿಗೆ ಇದು ಬಿಡದ ಪ್ರಶ್ನೆ. ರೂಪವೇನೋ ವಿಧ್ಯರ್ಥದ್ದೇ. ಆದರೆ ಕನ್ನಡದಲ್ಲಿ ವಿಧ್ಯರ್ಥದ ರೂಪವೆಲ್ಲ ಅಪ್ಪಣೆಯೇನು? ಕಾಲಿಗೆ ಬಿದ್ದವರಿಗೆ ಅಜ್ಜಿ ಚೆನ್ನಾಗಿರು ಎನ್ನುತ್ತಾಳೆ. ಗಂಡನ ಮನೆಗೆ ಹೊರಟ ಮಗಳಿಗೆ ತಾಯಿ ಸುಖವಾಗಿ ಹೋಗಿ ಬಾ ಎನ್ನುತ್ತಾಳೆ. ಇದನ್ನು ಅಪ್ಪಣೆ ಎಂದು ಯಾರೂ ತಿಳಿಯುವುದಿಲ್ಲ. ಇದು ಹಾರೈಕೆ. ಮುಂದೆ ವ್ಯಾಖ್ಯಾನದ ಪುಸ್ತಕವೊಂದನ್ನು ಓದುವಾಗ ನನ್ನ ಊಹೆಗೆ ಆಧಾರ ಸಿಕ್ಕಿತು. ಸಂತೋಷಪಡಿರಿ ಎಂಬುದಕ್ಕೆ ಪೌಲ ಬಳಸಿದ ಗ್ರೀಕ್ ಮಾತನ್ನೇ ಆ ಕಾಲದವರು ಎದುರಾದಾಗ ನಮಸ್ಕಾರದಂತೆ, ಬೀಳ್ಕೊಡುವಾಗ ಹಾರೈಕೆಯಂತೆ ಆಡುತ್ತಿದ್ದರಂತೆ. ಕನ್ನಡಕ್ಕೆ ಬಂದಾಗ ಆ ಮಾತಿನ ಆಜ್ಞೆ ಉಳಿಯಿತು, ಹಾರೈಕೆ ಕಳಚಿಹೋಯಿತು. ಅನುವಾದಕರ ತಪ್ಪೆನ್ನಲಾರೆ, ಎರಡನ್ನೂ ಹೊರುವ ಒಂದೇ ಪದ ನಮ್ಮಲ್ಲಿಲ್ಲ. ಆದರೆ ಓದುವಾಗ ನಾವು ಆ ಹಾರೈಕೆಯನ್ನು ಕೇಳಿಸಿಕೊಳ್ಳಬಹುದು.

ಇನ್ನೊಂದು ಮಾತು ನಮ್ಮ ಶಾಲೆಯ ಮಕ್ಕಳಿಗೆ ಸಂಬಂಧಿಸಿದ್ದು. ಕ್ರೈಸ್ತ ಮನೆಗಳ ಹುಡುಗರು ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾಲ್ಕನೆಯ ಅಧ್ಯಾಯದ 13ನೆಯ ವಚನವನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳುತ್ತಾರೆ. ಬಲಪಡಿಸುವಾತನಿಂದ ಎಲ್ಲವೂ ಸಾಧ್ಯ ಎಂಬ ಭಾವದ ವಚನ. ಫೇಲಾದ ಹುಡುಗಿಯೊಬ್ಬಳು ಆ ಪುಟವನ್ನು ಹರಿದು ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಹಿಂದಿನ ಎರಡು ವಚನಗಳನ್ನು ಓದಿಸುವವರು ಅವಳಿಗೆ ಯಾರೂ ಸಿಕ್ಕಿರಲಿಲ್ಲ, ನಾನೂ ಓದಿಸಿರಲಿಲ್ಲ. ಅಲ್ಲಿರುವುದು ಗೆಲ್ಲುವ ಮಾತಲ್ಲ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಇದ್ದಾಗಲೂ ಇಲ್ಲದಾಗಲೂ ಇರುವುದನ್ನು ಕಲಿತಿದ್ದೇನೆ ಎಂಬ ಮಾತು. ಸೋತವರಿಗೂ ಅದರಲ್ಲಿ ಜಾಗವಿದೆ. ಕಲಿತಿದ್ದೇನೆ ಎಂಬ ಪದವನ್ನು ಗಮನಿಸಿ. ಹುಟ್ಟುಗುಣವಲ್ಲ, ಪಾಠ. ಪಾಠ ಎಂದರೆ ಇವತ್ತು ಬಾರದಿದ್ದವರು ನಾಳೆ ಮತ್ತೆ ಕೂರಬಹುದು.

ಈ ಕಾಗದದಲ್ಲಿ ನನಗೆ ಅತಿ ಪ್ರಿಯವಾದದ್ದು ಇಬ್ಬರು ಹೆಂಗಸರ ಜಗಳ. ಯುವೊದ್ಯ ಮತ್ತು ಸಂತುಕೆ. ಸುವಾರ್ತೆಯ ಕೆಲಸದಲ್ಲಿ ಪೌಲನ ಜೊತೆ ದುಡಿದವರು, ಈಗ ಮನಸ್ಸು ಕೆಟ್ಟಿದೆ. ಯಾತಕ್ಕೆ ಎಂದು ಬರೆದಿಲ್ಲ. ನಮ್ಮ ಮಹಿಳಾ ಕೂಟಗಳನ್ನು ನೋಡಿದವರಿಗೆ ಊಹಿಸುವುದು ಕಷ್ಟವೇನಲ್ಲ. ಮೂಲದಲ್ಲಿ ಬೇಡಿಕೊಳ್ಳುತ್ತೇನೆ ಎಂಬ ಕ್ರಿಯಾಪದ ಎರಡು ಸಲ ಬರುತ್ತದಂತೆ, ಇವಳಿಗೊಂದು, ಅವಳಿಗೊಂದು. ಯಾರ ಪಕ್ಷವನ್ನೂ ವಹಿಸದೆ ಹೇಗೆ ಮಾತಾಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಅವರಿಗೆ ನೆರವಾಗು ಎಂದು ಮೂರನೆಯವರೊಬ್ಬರನ್ನೂ ಕೇಳುತ್ತಾನೆ. ಸಂತೋಷದ ಆ ಪ್ರಸಿದ್ಧ ವಚನ ಬರುವುದು ಈ ಜಗಳದ ಬೆನ್ನಿಗೇ, ಒಂದು ವಚನ ದಾಟಿದ ಮೇಲೆ. ಕ್ಯಾಲೆಂಡರಿನ ಹಾಳೆಯಲ್ಲಿ ಜಗಳ ಅಚ್ಚಾಗುವುದಿಲ್ಲ, ಸಂತೋಷ ಮಾತ್ರ ಅಚ್ಚಾಗುತ್ತದೆ.

ಕೊರತೆಗಳನ್ನೂ ಹೇಳದೆ ಹೋದರೆ ವಿಮರ್ಶೆಯಾಗದು. ಮೂರನೆಯ ಅಧ್ಯಾಯದ ಆರಂಭದಲ್ಲಿ ಮುಗಿಸುವವನಂತೆ ಮಾತೆತ್ತಿ, ಥಟ್ಟನೆ ಎದುರಾಳಿಗಳನ್ನು ನಾಯಿಗಳೆಂದು ಬೈಯುತ್ತಾನೆ. ಎರಡು ಮೂರು ಕಾಗದಗಳನ್ನು ಸೇರಿಸಿ ಹೊಲಿದದ್ದೆಂದು ಕೆಲವು ವಿದ್ವಾಂಸರು ಹೇಳುವುದು ಆ ಹೊಲಿಗೆಯನ್ನು ನೋಡಿಯೇ. ಯುವೊದ್ಯ, ಸಂತುಕೆ ಕೊಟ್ಟ ಉತ್ತರವೂ ನಮಗೆ ಸಿಕ್ಕಿಲ್ಲ. ಹೆಂಗಸರ ಹೆಸರು ಉಳಿಯಿತು, ಮಾತು ಉಳಿಯಲಿಲ್ಲ. ಆದರೆ ನನ್ನ ದೊಡ್ಡ ತಕರಾರು ಪೌಲನ ಮೇಲಲ್ಲ, ಅವನ ಮಾತನ್ನು ನಾವು ಬಳಸುವ ರೀತಿಯ ಮೇಲೆ. ಬೇಡಿಯಲ್ಲಿದ್ದವನು ಹೊರಗಿದ್ದವರಿಗೆ ಆಡಿದ ಮಾತನ್ನು ನಾವು ಹೊರಗೆ ನಿಂತು ಬೇಡಿಯಲ್ಲಿರುವವರಿಗೆ ಆಡುತ್ತೇವೆ. ಗಂಡನ ಏಟು ತಿಂದು ಬಂದವಳಿಗೆ, ನಿದ್ದೆಯಿಲ್ಲದೆ ಡಾಕ್ಟರ ಬಳಿ ಹೋಗಬೇಕಾದವಳಿಗೆ ಸಂತೋಷದ ವಚನ ಕೊಟ್ಟು ಕಳಿಸುತ್ತೇವೆ. ಅದು ಸಮಾಧಾನವಲ್ಲ, ಬಾಯಿ ಮುಚ್ಚಿಸುವುದು.

ಈ ಕಾಗದ ಬರೆಯಲು ಒಂದು ಕಾರಣವಾದರೂ ಏನು? ಎಪಫ್ರೊದೀತನ ಕೈಯಲ್ಲಿ ಫಿಲಿಪ್ಪಿಯವರು ಕಳಿಸಿದ ನೆರವು ತಲುಪಿತೆಂದು ತಿಳಿಸುವುದು. ರೋಮನರ ಸೆರೆಯಲ್ಲಿದ್ದವರಿಗೆ ಊಟ ಬಟ್ಟೆಯನ್ನು ಬಹುಮಟ್ಟಿಗೆ ಹೊರಗಿನ ಬಂಧುಮಿತ್ರರೇ ನೋಡಿಕೊಳ್ಳಬೇಕಾಗಿತ್ತು. ಎಲ್ಲವೂ ಮುಟ್ಟಿತು ಎಂದು ಅವನು ಬರೆದ ಪದ ಆ ಕಾಲದ ವ್ಯಾಪಾರದ ರಸೀದಿಗಳಲ್ಲಿ ಬರುತ್ತಿದ್ದ ಪದವಂತೆ. ಸಂತೋಷದ ಈ ಪತ್ರಿಕೆಯ ಕಡೆಯಲ್ಲಿರುವುದು ಒಂದು ರಸೀದಿ! ನನಗೆ ಇದನ್ನು ಓದಿದಾಗ ನಮ್ಮ ಹಿಂದಿನ ಓಣಿಯ ಒಬ್ಬ ಅಕ್ಕ ನೆನಪಾದಳು. ಆ ಹದಿನಾಲ್ಕು ತಿಂಗಳೂ ವಾರಕ್ಕೆರಡು ಸಲ ಡಬ್ಬಿಯಲ್ಲಿ ನಾಲ್ಕು ರೊಟ್ಟಿ, ಪಲ್ಯ ತಂದಿಟ್ಟು, ಖಾಲಿ ಡಬ್ಬಿ ಒಯ್ಯುತ್ತಿದ್ದಳು. ಒಂದು ವಚನವನ್ನೂ ಹೇಳಿದವಳಲ್ಲ. ಆ ದಿನ ರಾತ್ರಿ ನನಗೆ ಅಡುಗೆಯಿಲ್ಲ ಎಂಬ ಸಂತೋಷ ಎಷ್ಟು ದೊಡ್ಡದೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯಜಮಾನರು ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ. ಬಲಗೈ ಪೂರ್ತಿ ಬರಲಿಲ್ಲ. ಕ್ಯಾಲೆಂಡರ್ ಈಗಲೂ ಅದೇ ಮೊಳೆಯ ಮೇಲಿದೆ, ದಿನದ ಹಾಳೆಯನ್ನು ಈಗಲೂ ನಾನೇ ಹರಿಯುತ್ತೇನೆ. ಹರಿದ ಮೇಲೆ ಪುಸ್ತಕ ತೆಗೆದು, ಆ ವಚನದ ಹಿಂದಿನ ಪುಟ, ಮುಂದಿನ ಪುಟವನ್ನೂ ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ. ಇದರಿಂದ ಹಾಲು ಎಷ್ಟೋ ಸಲ ಉಕ್ಕಿದೆ.