ಅನಶನ, ಅವಮೌದರ್ಯ ಮತ್ತು ಮಧುಮೇಹ: ಒಂದು ವಿಮರ್ಶೆ

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ದಶಲಕ್ಷಣ ಪರ್ವವು ಶ್ರಾವಕ-ಶ್ರಾವಿಕೆಯರಿಗೆ ಆತ್ಮಶೋಧನೆಯ ಕಾಲ. ಈ ದಿನಗಳಲ್ಲಿ ಏಕಾಶನವನ್ನೋ ಉಪವಾಸವನ್ನೋ ಯಥಾಶಕ್ತಿ ಕೈಗೊಳ್ಳುವುದು ಪರಂಪರೆಯಿಂದ ಬಂದ ಆಚರಣೆ. ಈಚಿನ ವರ್ಷಗಳಲ್ಲಿ ಇದಕ್ಕೆ ಹೊಸ ಪ್ರೇರಣೆಯೊಂದು ಸೇರಿಕೊಂಡಿದೆ. ದೀರ್ಘಕಾಲ ಉಪವಾಸ ಮಾಡಿದರೆ ಎರಡನೆಯ ಬಗೆಯ ಮಧುಮೇಹ ವಾಸಿಯಾಗುತ್ತದೆ, ಮಾತ್ರೆ-ಚುಚ್ಚುಮದ್ದುಗಳ ಹಂಗು ತಪ್ಪುತ್ತದೆ, ಆಚಾರ್ಯರು ಅಂದೇ ಹೇಳಿದ್ದನ್ನು ವಿಜ್ಞಾನವು ಇಂದು ಒಪ್ಪಿಕೊಂಡಿದೆ ಎಂಬುದೇ ಆ ಪ್ರೇರಣೆ. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಆಚಾರ್ಯರು ಹೇಳಿದ್ದೇನು, ವಿಜ್ಞಾನ ಒಪ್ಪಿದ್ದೇನು ಎಂಬುದನ್ನು ಬೇರೆ ಬೇರೆಯಾಗಿ ನೋಡದೆ ಎರಡನ್ನೂ ಕಲಸಿದ್ದರಿಂದ ಶಾಸ್ತ್ರಕ್ಕೂ ವೈದ್ಯಕ್ಕೂ ಅಪಚಾರವಾಗಿದೆ.

ಈ ವಾದದ ಪ್ರಸಿದ್ಧ ಪ್ರತಿಪಾದಕರು ಕೆನಡಾದ ಟೊರಾಂಟೊ ನಗರದ ಮೂತ್ರಪಿಂಡತಜ್ಞ ಡಾ. ಜೇಸನ್ ಫಂಗ್. 2018ರಲ್ಲಿ ಹೊರಬಂದ ‘ದಿ ಡಯಾಬಿಟಿಸ್ ಕೋಡ್’ ಗ್ರಂಥದಲ್ಲಿ ಅವರು ಮಂಡಿಸುವ ವಿಚಾರ ಸರಳವಾದುದು. ಎರಡನೆಯ ಬಗೆಯ ಮಧುಮೇಹವೆಂದರೆ ದೇಹದಲ್ಲಿ ಸಕ್ಕರೆ ಮಿತಿಮೀರಿ ಸಂಚಯವಾಗಿರುವ ಸ್ಥಿತಿ. ಇನ್ಸುಲಿನ್ ಅದನ್ನು ರಕ್ತದಿಂದ ಅಂಗಾಂಗಗಳಿಗೆ ತಳ್ಳುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಉಣ್ಣದಿದ್ದರೆ ದೇಹವೇ ಅದನ್ನು ಉರಿಸಿ ಮುಗಿಸುತ್ತದೆ. ಅದೇ ವರ್ಷ ಅವರೂ ಅವರ ಸಹೋದ್ಯೋಗಿಗಳೂ ಮೂವರು ರೋಗಿಗಳ ವೃತ್ತಾಂತವನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ವಾರಕ್ಕೆ ಮೂರು ಸಲ, ಇಲ್ಲವೆ ದಿನ ಬಿಟ್ಟು ದಿನ, 24 ಗಂಟೆಗಳ ಉಪವಾಸ ನಡೆಸಿದ ಆ ಮೂವರೂ ಒಂದು ತಿಂಗಳೊಳಗಾಗಿ ಇನ್ಸುಲಿನ್ ಬಿಟ್ಟಿದ್ದರು. (ಮಧುಮೇಹಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದ್ದೂ ಇದೇ ಟೊರಾಂಟೊದಲ್ಲಿ, 1922ರ ಜನವರಿಯಲ್ಲಿ.) ಫಲಿತಾಂಶ ಗಮನಾರ್ಹವೇ ಸರಿ. ಆದರೆ ಮೂವರ ಅನುಭವದಿಂದ ಲೋಕಕ್ಕೆಲ್ಲ ವಿಧಿ ಹುಟ್ಟುವುದಿಲ್ಲ. ಅವರು ವೈದ್ಯರ ಮೇಲ್ವಿಚಾರಣೆಯಲ್ಲಿದ್ದರು. ಒಂದೊಂದು ದಿನದ ಅವರ ಉಪವಾಸವು ಹತ್ತು ದಿನಗಳ ಅನಶನಕ್ಕೆ ಪ್ರಮಾಣವಾಗಲಾರದು.

ಇದಕ್ಕಿಂತ ಗಟ್ಟಿಯಾದ ಆಧಾರ ಬ್ರಿಟನ್ನಿನಲ್ಲಿ ನಡೆದ ‘ಡೈರೆಕ್ಟ್’ ಎಂಬ ಪರೀಕ್ಷೆ. ಪ್ರೊ. ಮೈಕೇಲ್ ಲೀನ್ ಮತ್ತು ಪ್ರೊ. ರಾಯ್ ಟೇಲರ್ ನೇತೃತ್ವದ ಈ ಅಧ್ಯಯನದ ಫಲ 2017ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ರೋಗ ಪತ್ತೆಯಾಗಿ ಆರು ವರ್ಷ ಮೀರದ, ಇನ್ಸುಲಿನ್ ಆರಂಭಿಸದ, ತೂಕ ಹೆಚ್ಚಿದ್ದ 149 ಮಂದಿಗೆ ಮೂರರಿಂದ ಐದು ತಿಂಗಳ ಕಾಲ ದಿನಕ್ಕೆ 825ರಿಂದ 853 ಕ್ಯಾಲೊರಿಗಳ ಆಹಾರವನ್ನಷ್ಟೇ ಕೊಡಲಾಯಿತು. ಸಕ್ಕರೆ ಇಳಿಸುವ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಲಾಯಿತು. ವರ್ಷದ ಕೊನೆಗೆ ಅವರಲ್ಲಿ ಶೇ. 46ರಷ್ಟು ಮಂದಿ ಔಷಧವಿಲ್ಲದೆ ಮಧುಮೇಹದ ಮಿತಿಯಿಂದ ಕೆಳಗಿದ್ದರು. ಯಕೃತ್ತಿನಲ್ಲಿಯೂ ಮೇದೋಜೀರಕ ಗ್ರಂಥಿಯಲ್ಲಿಯೂ ಸೇರಿಕೊಂಡ ಕೊಬ್ಬು ಕರಗಿದಾಗ ಇನ್ಸುಲಿನ್ ಸ್ರವಿಸುವ ಜೀವಕೋಶಗಳು ಚೇತರಿಸಿಕೊಳ್ಳಬಲ್ಲವು ಎಂಬುದು ಟೇಲರ್ ಅವರ ವಿವರಣೆ. ಇಲ್ಲಿ ಗಮನಿಸಬೇಕಾದುದು, ಇವರಾರೂ ನಿರಾಹಾರಿಗಳಾಗಿರಲಿಲ್ಲ. ಅವರು ಉಂಡರು, ಕಡಿಮೆ ಉಂಡರು.

ಎರಡು ವರ್ಷಗಳ ಕೊನೆಗೆ ಆ ಪ್ರಮಾಣ ಶೇ. 36ಕ್ಕೆ ಇಳಿಯಿತು. ತೂಕ ಮರಳಿದಂತೆ ರೋಗವೂ ಮರಳಿತು. ವೈದ್ಯರು ಈ ಸ್ಥಿತಿಯನ್ನು ‘ವಾಸಿ’ ಎನ್ನದೆ ಉಪಶಮನವೆನ್ನುವುದು ಇದಕ್ಕಾಗಿಯೇ. ಕರ್ಮಸಿದ್ಧಾಂತವನ್ನು ಬಲ್ಲ ವಾಚಕರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಉಪಶಮ ಬೇರೆ, ಕ್ಷಯ ಬೇರೆ. ಉಪಶಮ ಶ್ರೇಣಿಯನ್ನೇರಿದ ಜೀವವು ಹನ್ನೊಂದನೆಯ ಗುಣಸ್ಥಾನವನ್ನು ಮುಟ್ಟಿದರೂ, ಅಡಗಿದ ಮೋಹ ಮತ್ತೆ ಉದಯಕ್ಕೆ ಬಂದು ಕೆಳಗಿಳಿಯಲೇಬೇಕು. ‘ಹತ್ತು ದಿನ ಉಪವಾಸ ಮಾಡಿದೆ, ಸಕ್ಕರೆ ಹೋಯಿತು’ ಎಂದು ಮಾತ್ರೆಗಳನ್ನು ಎಸೆದವರು ಉಪಶಮವನ್ನು ಕ್ಷಯವೆಂದು ಭ್ರಮಿಸಿದವರು.

ಇನ್ನು ಶಾಸ್ತ್ರದ ಮಾತು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಬಾಹ್ಯತಪಗಳು ಆರೆಂದು ಎಣಿಸುತ್ತದೆ. ಅವುಗಳಲ್ಲಿ ಮೊದಲನೆಯದು ಅನಶನ, ಎರಡನೆಯದು ಅವಮೌದರ್ಯ, ಎಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಇವುಗಳ ಪ್ರಯೋಜನವನ್ನು ಹೇಳುವಾಗ ತೋರಿದ ಸೂಕ್ಷ್ಮವನ್ನು ಇಂದಿನ ಪ್ರಚಾರಕರು ಓದಿದಂತಿಲ್ಲ. ಅನಶನವು ದೃಷ್ಟಫಲದ ಅಪೇಕ್ಷೆಯಿಲ್ಲದ್ದು. ಸಂಯಮಸಿದ್ಧಿ, ರಾಗದ ಉಚ್ಛೇದ, ಕರ್ಮವಿನಾಶ, ಧ್ಯಾನ, ಆಗಮಜ್ಞಾನ ಇವು ಅದರ ಉದ್ದೇಶಗಳೆಂದು ಅವರು ಹೇಳುತ್ತಾರೆ. ಬೆರಳ ತುದಿಯ ರಕ್ತದ ಹನಿಯಲ್ಲಿ ಕಾಣುವ ಅಂಕಿಗಿಂತ ಹೆಚ್ಚು ‘ದೃಷ್ಟ’ವಾದ ಫಲ ಮತ್ತಾವುದು? ಆದರೆ ಅವಮೌದರ್ಯದ ಪ್ರಯೋಜನಗಳಲ್ಲಿ ಸಂಯಮದ ಎಚ್ಚರ, ಸಂತೋಷ, ಸ್ವಾಧ್ಯಾಯದ ಸೌಕರ್ಯಗಳೊಂದಿಗೆ ದೋಷಪ್ರಶಮವನ್ನೂ ಅವರು ಸೇರಿಸಿದ್ದಾರೆ. ದೇಹದ ದೋಷಗಳು ಶಮನಗೊಳ್ಳುವ ಮಾತು ಬಂದಿರುವುದು ಎರಡನೆಯ ತಪದಲ್ಲಿ, ಮೊದಲನೆಯದರಲ್ಲಲ್ಲ. ಆಚಾರ್ಯರು ಅಂದೇ ಹೇಳಿದ್ದರೆಂಬ ಹೆಮ್ಮೆ ಬೇಕೆಂದಾದರೆ ಅದಕ್ಕೆ ಇಲ್ಲಿ ಆಧಾರವುಂಟು.

ಪೂರ್ಣಾಹಾರವೆಂದರೆ ಪುರುಷನಿಗೆ 32 ತುತ್ತುಗಳೆಂದು ‘ಮೂಲಾಚಾರ’ ಲೆಕ್ಕ ಕೊಡುತ್ತದೆ. ಅದರಲ್ಲಿ ಒಂದು ತುತ್ತು ಕಡಿಮೆಯಾದರೂ ಅವಮೌದರ್ಯ ಆರಂಭವಾಯಿತು. ಕುಚ್ಚಲಕ್ಕಿಯ ಗಂಜಿ, ಅನ್ನಗಳೇ ಮುಖ್ಯಾಹಾರವಾದ ಕಾರವಾರ-ಅಂಕೋಲೆಗಳ ಕರಾವಳಿಯಲ್ಲಿ ತಟ್ಟೆಯ ಅನ್ನವನ್ನು ಅರ್ಧಕ್ಕಿಳಿಸಿ ವರ್ಷವಿಡೀ ಅಲ್ಲಿಯೇ ನಿಲ್ಲಿಸುವುದು ಹತ್ತು ದಿನಗಳ ಉಪವಾಸಕ್ಕಿಂತ ಕಠಿಣ. ವೈಶಾಖದಲ್ಲಿ ಅಂಕೋಲೆಯ ಕರಿ ಈಶಾಡ ಮಾವಿನ ಮುಂದೆ ಕುಳಿತು ಒಂದು ಹೋಳಿಗೆ ಕೈ ತೊಳೆಯುವುದಂತೂ ರಸಪರಿತ್ಯಾಗವೇ ಆದೀತು. ಇಂಥ ತಪಸ್ಸಿಗೆ ಮೆರವಣಿಗೆಯಿಲ್ಲ, ಸನ್ಮಾನವಿಲ್ಲ. ಅದು ಅಷ್ಟಾಗಿ ರುಚಿಸದಿರಲು ಇದೂ ಒಂದು ಕಾರಣವಿರಬಹುದು.

ಅಂಕೋಲೆಯ ಗೃಹಸ್ಥನೊಬ್ಬನನ್ನು ಊಹಿಸಿಕೊಳ್ಳೋಣ. ವಯಸ್ಸು ಐವತ್ತೆಂಟು, ಹನ್ನೆರಡು ವರ್ಷಗಳ ಮಧುಮೇಹ, ದಿನಾ ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ. ಈತ ದಶಲಕ್ಷಣದಲ್ಲಿ ಹತ್ತು ದಿನ ಉಪವಾಸಕ್ಕೆ ಸಂಕಲ್ಪ ಮಾಡುತ್ತಾನೆ. ವೈದ್ಯರಿಗೆ ಹೇಳಿದರೆ ಬೇಡವೆಂದಾರೆಂದು ಅವರಿಗೆ ಹೇಳುವುದಿಲ್ಲ. ಮಾತ್ರೆಯ ವಿಷಯ ತಿಳಿದರೆ ವ್ರತಕ್ಕೆ ಕುಂದೆಂದಾರೆಂದು ಬಸದಿಯಲ್ಲಿಯೂ ಹೇಳುವುದಿಲ್ಲ. ಶಲ್ಯರಹಿತನಾದವನೇ ವ್ರತಿ ಎನ್ನುತ್ತದೆ ಸೂತ್ರ. ಮಾಯೆಯೂ ಒಂದು ಶಲ್ಯವೆಂಬುದು ಅವನಿಗೆ ತಿಳಿಯದ್ದಲ್ಲ. ಮೂರನೆಯ ರಾತ್ರಿ ಎರಡು ಗಂಟೆಗೆ ಅವನ ಮೈ ಬೆವೆಯುತ್ತದೆ, ಕೈ ನಡುಗುತ್ತದೆ, ಮಾತು ತಪ್ಪುತ್ತದೆ. ಆ ಮಾತ್ರೆಯು ಊಟವಿರಲಿ ಬಿಡಲಿ ಇನ್ಸುಲಿನ್ನನ್ನು ಹೊರಡಿಸುತ್ತಲೇ ಇರುತ್ತದೆ. ಮನೆಯವರು ಇದನ್ನು ತಪಸ್ಸಿನ ಆಯಾಸವೆಂದು ಬಗೆದು ಣಮೋಕಾರ ಮಂತ್ರವನ್ನು ಪಠಿಸುತ್ತ ಕುಳಿತರೆ, ಬೆಳಗಾಗುವುದರೊಳಗೆ ಅವನು ಮೂರ್ಛೆ ಹೋಗಬಹುದು, ಸಾಯಲೂಬಹುದು. ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದಿದ್ದು ಎಚ್ಚರವಿದ್ದರೆ, ಮೂರು ಚಮಚ ಸಕ್ಕರೆ ಕದಡಿದ ನೀರು ಸಾಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಾಲೂಕು ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿಂದಾಚೆಗೆ ಬೇಕಾದರೆ ಸುಮಾರು 35 ಕಿಲೋಮೀಟರ್ ದೂರದ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮಳೆಗಾಲದ ಹೆದ್ದಾರಿಯನ್ನು ನಂಬುವಂತಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಕುಮಟೆಯ ಕಡೆಗಿನ ದಾರಿ ದಿನಗಟ್ಟಲೆ ಮುಚ್ಚಿಹೋಗಿತ್ತು.

ಅಂಕೋಲೆಗೆ ನೆರೆಯ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜೊತೆಯಲ್ಲಿ ತಂಗಿದ್ದಾಗ ತರುಣ ರವೀಂದ್ರನಾಥ ಠಾಕೂರರು 1883ರಲ್ಲಿ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕ ಬರೆದರು. ಸ್ನೇಹಬಂಧಗಳನ್ನೆಲ್ಲ ಕಡಿದು ಪ್ರಕೃತಿಯನ್ನು ಗೆಲ್ಲಹೊರಟ ಸಂನ್ಯಾಸಿಯನ್ನು ಅಲ್ಲಿ ಅನಾಥ ಬಾಲೆಯೊಬ್ಬಳು ಲೋಕಕ್ಕೆ ಮರಳಿಸುತ್ತಾಳೆ. ಮುನಿಮಾರ್ಗದ ನಿರ್ಮಮತ್ವಕ್ಕೆ ಆ ನಾಟಕ ನ್ಯಾಯ ಒದಗಿಸಿಲ್ಲವೆಂದು ಜೈನ ವಾಚಕರು ಆಕ್ಷೇಪಿಸಬಹುದು. ಆದರೆ ಮೇಲಿನ ಗೃಹಸ್ಥನು ಮಹಾವ್ರತಿಯಲ್ಲ, ಅಣುವ್ರತಿ. ಅವನ ಉಪವಾಸದ ಭಾರವನ್ನು ರಾತ್ರಿ ಎಚ್ಚರವಿದ್ದು ಹೊರುವವಳು ಅವನ ಹೆಂಡತಿ. ಷೋಡಶಕಾರಣ ಭಾವನೆಗಳಲ್ಲಿ ತಪವನ್ನು ಹೆಸರಿಸುವಾಗ ಸೂತ್ರಕಾರರು ‘ಶಕ್ತಿಗನುಸಾರವಾಗಿ’ ಎಂಬ ವಿಶೇಷಣವನ್ನು ಸುಮ್ಮನೆ ಇಟ್ಟಿಲ್ಲ.

ಔಷಧಗಳೆಲ್ಲ ಒಂದೇ ಬಗೆಯವಲ್ಲ. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ಗಳು ನಿರಾಹಾರದಲ್ಲಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಮೆಟ್‌ಫಾರ್ಮಿನ್ ಒಂದೇ ಆದರೆ ಆ ಭಯ ಕಡಿಮೆ. ಈಚೆಗೆ ಬಳಕೆ ಹೆಚ್ಚಿರುವ ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆಗಳ ಅಪಾಯ ಇನ್ನೂ ಗುಪ್ತವಾದುದು: ಉಪವಾಸದಲ್ಲಿ, ಅದರಲ್ಲಿಯೂ ನೀರಿಲ್ಲದ ಉಪವಾಸದಲ್ಲಿ, ಸಕ್ಕರೆಯ ಅಂಕಿ ಹೆಚ್ಚೇನೂ ಏರದಿರುವಾಗಲೇ ರಕ್ತ ಆಮ್ಲೀಯವಾಗಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಅದರ ಸೂಚನೆಗಳು. ಮೊದಲನೆಯ ಬಗೆಯ ಮಧುಮೇಹಿಗಳು ಈ ಚಿಕಿತ್ಸೆಯ ಕಡೆಗೆ ತಿರುಗಿಯೂ ನೋಡಬಾರದು. ಇನ್ಸುಲಿನ್ ಬರುವ ಮೊದಲು ಅಮೆರಿಕದ ಡಾ. ಫ್ರೆಡರಿಕ್ ಆ್ಯಲನ್ ಅವರು ಅಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿರಿಸಿ ಆಯುಷ್ಯವನ್ನು ಸ್ವಲ್ಪ ಕಾಲ ಎಳೆದರು, ಮಕ್ಕಳು ಎಲುಬುಗೂಡಾದರು. ಬೇರೆ ಮಾರ್ಗವಿಲ್ಲದ ಕಾಲದ ಕ್ರಮವದು.

ಇನ್ಸುಲಿನ್ನನ್ನು ದನ-ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದ ದಿನಗಳಲ್ಲಿ ಅಹಿಂಸಾವ್ರತಿಯು ಅದಕ್ಕೆ ಹಿಂಜರಿದುದು ಸಹಜವಾಗಿತ್ತು. 1982ರಿಂದೀಚೆಗೆ ಸೂಕ್ಷ್ಮಜೀವಿಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ ಬಂದಿದೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಹುದುಗುಕಣಗಳಿಂದ ತಯಾರಿಸಿದ್ದನ್ನು ಮಾರುಕಟ್ಟೆಗೆ ತಂದಿತು. ಏಕೇಂದ್ರಿಯ ಜೀವಗಳ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ, ಆದರೆ ಗೃಹಸ್ಥನ ಅಣುವ್ರತದ ಮೇರೆಯನ್ನು ಅದು ದಾಟುವುದಿಲ್ಲ.

ರಂಜಾನ್ ಉಪವಾಸ ಹಿಡಿಯುವ ಮಧುಮೇಹಿಗಳಿಗಾಗಿ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು 2016ರಲ್ಲಿ ಮಾರ್ಗದರ್ಶಿಯೊಂದನ್ನು ಹೊರತಂದು 2021ರಲ್ಲಿ ಪರಿಷ್ಕರಿಸಿತು. ಯಾರು ಹಿಡಿಯಬಹುದು, ಯಾರು ಹಿಡಿಯಬಾರದು, ಯಾವ ಮಾತ್ರೆಯನ್ನು ಎಷ್ಟು ಇಳಿಸಬೇಕು, ಯಾವ ಅಂಕಿ ಕಂಡಾಗ ಉಪವಾಸ ಬಿಡಬೇಕು ಎಂಬುದೆಲ್ಲ ಅದರಲ್ಲಿದೆ. ಧರ್ಮಗುರುಗಳೂ ವೈದ್ಯರೂ ಕೂಡಿ ದಶಲಕ್ಷಣಕ್ಕೂ ಅಂಥದೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ, ಪರ್ವಕ್ಕೆ ತಿಂಗಳ ಮೊದಲೇ ಬಸದಿಗಳಿಗೆ ಕಳುಹಿಸಬೇಕು.

ಆ ಮಾರ್ಗದರ್ಶಿಯಲ್ಲಿ ರಾತ್ರಿ ಎರಡು ಗಂಟೆಯ ಸಕ್ಕರೆ ನೀರಿನ ವಿಷಯವೂ ಇರತಕ್ಕದ್ದು. ಉಪವಾಸವೂ ಮುರಿಯಿತು, ರಾತ್ರಿಭೋಜನ ತ್ಯಾಗವೂ ಮುರಿಯಿತು ಎಂದು ಹೆಂಡತಿಯ ಕೈ ಹಿಂಜರಿಯುವುದು ಅಲ್ಲಿಯೇ. ಆಭ್ಯಂತರ ತಪಗಳು ಆರರಲ್ಲಿ ವೈಯಾವೃತ್ತ್ಯವೆಂಬ ರೋಗಿಯ ಸೇವೆಯೂ ಒಂದು, ಪ್ರಾಯಶ್ಚಿತ್ತವೂ ಒಂದು. ಅವಳು ಆ ಲೋಟವನ್ನು ಅವನ ತುಟಿಗೆ ಹಿಡಿಯಲಿ. ಅವನು ಚೇತರಿಸಿಕೊಂಡ ಮೇಲೆ, ಮಳೆ ಬಿಟ್ಟ ದಿನ, ಸೋಂದಾದ ಸ್ವಾದಿ ಮಠಕ್ಕೋ ಬಳಿಯ ಬಸದಿಗೋ ಹೋಗಿ, ಮಾತ್ರೆಯ ವಿಷಯವನ್ನೂ ಮುಚ್ಚಿಡದೆ ಆಲೋಚನೆ ಮಾಡಿ ಪ್ರಾಯಶ್ಚಿತ್ತ ಪಡೆಯಬಹುದು.