ಅಂಚಿನಾಚೆ ಯಾರಿದ್ದರು?

ಕುಡುಮಲಕುಂಟೆಯಲ್ಲಿ ಕೇರಿಯ ಫೋಟೋಗಳ ಮೇಲೆ ಮಾತು ಬಂದಾಗ ನಾನು ಕೇಳಿದ್ದು ಎರಡೇ ವಾದ. ಕಪ್ಪುಬಿಳುಪು ಮಾಡಿ ಅಂಚು ಕತ್ತರಿಸಿದರೆ ದುಃಖ ಎದ್ದು ಕಾಣುತ್ತೆ ಅಂತ ಕೆಲವರು. ಏನನ್ನೂ ಮುಟ್ಟಬಾರದು, ಮುಟ್ಟಿದರೆ ಸುಳ್ಳು ಅಂತ ಉಳಿದವರು. ನನಗೆ ಎರಡೂ ಒಪ್ಪಿಗೆಯಿಲ್ಲ. ಕ್ಯಾಮೆರಾ ಎತ್ತಿದ ಕೂಡಲೇ ಕತ್ತರಿಸೋದು ಶುರು. ಹೊರಗೆ ಬಿಟ್ಟಿದ್ದು ಯಾರನ್ನ ಅನ್ನೋದೇ ಪ್ರಶ್ನೆ.

ಅಮೆರಿಕದ ಸ್ಟೀವ್ ಮೆಕ್‌ಕರಿಯ ಕೆಲವು ಚಿತ್ರಗಳಿಂದ ಮನುಷ್ಯರನ್ನೇ ಅಳಿಸಿದ್ದು 2016ರಲ್ಲಿ ಬಯಲಾದಾಗ, ತಾನು ದೃಶ್ಯಗಳ ಕಥೆಗಾರ ಎಂದರು ಅವರು. ಕಥೆ ಚಂದವಾಗಲಿ ಅಂತ ಮನುಷ್ಯರು ಮಾಯವಾಗಬೇಕೆ?

ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯನ್ನೇ ನೋಡಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಇಂಥ ಊರಲ್ಲಿ ಸುಟ್ಟ ಗೋಡೆಯನ್ನಷ್ಟೇ ತೋರಿಸೋ ಚಿತ್ರದಲ್ಲಿ ಬೆಂಕಿ ಇರುತ್ತೆ, ಜಾತಿ ಇರಲ್ಲ. ಕೇರಿಗೂ ಊರಿಗೂ ನಡುವಿನ ದಾರಿ ಚೌಕಟ್ಟಿಂದ ಹೊರಗುಳಿದರೆ ಕೊಲೆ ಬರೀ ಅಗ್ನಿ ಅನಾಹುತವಾಗಿಬಿಡುತ್ತೆ.

ಹಾಗಾಗಿ ಬೆಳಕು, ಕೋನ ಅಂತ ಹೊಗಳಿ ಸುಮ್ಮನಾಗೋದು ವಿಮರ್ಶೆಯಲ್ಲ. ತೆಗೆದವರು ನಮ್ಮವರೇ ಆದರೂ ಅಲ್ಲ. ಚಿತ್ರದಲ್ಲಿರುವವರು ಒಪ್ಪಿದ್ದರೇ? ಊರು, ವರ್ಷ ಕೆಳಗೆ ಬರೆದಿದೆಯೇ? ಅಂಚಿನಾಚೆ ಯಾರಿದ್ದರು? ಇಷ್ಟನ್ನೂ ಕೇಳದೆ ಕೊಡೋ ಮೆಚ್ಚುಗೆ ನಮಗೆ ಬೇಡ.